ಸುತ್ತು ಹೊಡೆದ ತಂತಿ

ಎಪ್ಪತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ತಂತಿ ಕಚೇರಿಯಲ್ಲಿದ್ದೆ. ಯಾವ ಊರಿನ ತಂತಿಯನ್ನು ಯಾವ ಲೈನಿಗೆ ಹಾಕಬೇಕೆಂದು ಗೋಡೆಯ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆದಿರುತ್ತಿತ್ತು. ಊರಿನ ಹೆಸರು ನೋಡುವುದು, ಬೋರ್ಡು ನೋಡುವುದು, ಟೆಲಿಪ್ರಿಂಟರಿನಲ್ಲಿ ಮುಂದಕ್ಕೆ ದಾಟಿಸುವುದು. ಒಳಗಿನ ಸಂಗತಿ ಓದುತ್ತ ಕೂತರೆ ಕೆಲಸ ಸಾಗುತ್ತಿರಲಿಲ್ಲ.

ಒಂದು ಲೈನು ಕೆಟ್ಟರೆ ಬೋರ್ಡು ತಿದ್ದಿ, 'ಈ ದಾರಿ ಮುಚ್ಚಿದೆ' ಎಂದು ಪಕ್ಕದ ಕಚೇರಿಗಳಿಗೆ ಸೂಚನೆ ಕಳಿಸಬೇಕು. ಸೂಚನೆ ಎಲ್ಲಕ್ಕಿಂತ ಮೊದಲು ಹೋಗಬೇಕೆಂದು ನಿಯಮ. ನಮ್ಮಲ್ಲಿ ಮಾತ್ರ ಸಾವು, ಕಾಯಿಲೆಯ ತಂತಿ ಮೊದಲು, ಉಳಿದದ್ದೆಲ್ಲ ಆಮೇಲೆ. ಆ ಪದ್ಧತಿ ಶುರು ಮಾಡಿದವನು ನಾನೇ. ಯಾರದೋ ತಾಯಿ ಕೊನೆಯುಸಿರು ಎಳೆಯುತ್ತಿರುವಾಗ ಕಚೇರಿಯ ಕಾಗದ ಮೊದಲು ಹೋಗುವುದೇ ಎಂದು ವಾದ ಮಾಡಿ ಗೆದ್ದಿದ್ದೆ. ಒಳ್ಳೆಯವನೆನಿಸಿಕೊಳ್ಳುವ ಚಪಲ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಆಷಾಢದ ಒಂದು ಸೋಮವಾರ ಬೆಳಿಗ್ಗೆ, ಬೋಳಾರದ ನಮ್ಮ ಮನೆಯಲ್ಲಿ, ಹೆಂಚಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅಪ್ಪ ಮುಖ ತೊಳೆಯುತ್ತಿದ್ದಲ್ಲೇ ಕುಸಿದರು. ಮಾತು ತೊದಲುತ್ತಿತ್ತು. ಮುಂಬಯಿಯಲ್ಲಿ ಹೋಟೆಲಿನ ಅಡುಗೆಮನೆಯಲ್ಲಿದ್ದ ತಮ್ಮನನ್ನೇ ಕೇಳುತ್ತಿದ್ದರು. "ಆಯೆ ಬತ್ತೆನಾ?" ಅವನು ಬಂದನಾ ಎಂದು, ತುಳುವಿನಲ್ಲಿ.

ಕಚೇರಿಗೆ ಓಡಿದೆ. ಮಳೆಗೆ ಮುಂಬಯಿಯ ನೇರ ಲೈನು ಬಿದ್ದಿತ್ತು. ಬೋರ್ಡು ತಿದ್ದಿ, ಮುಂಬಯಿ ತಂತಿಗಳನ್ನು ಘಟ್ಟದ ಮೇಲಿನ ಕಚೇರಿಗೆ ದಾಟಿಸುತ್ತಿದ್ದರು. 'ಅಪ್ಪನಿಗೆ ಕಾಯಿಲೆ ಜೋರು, ಕೂಡಲೇ ಹೊರಡು' ಎಂಬ ತಂತಿಯನ್ನು ನಾನೇ ಹೊಡೆದೆ. ಸಂಜೆಯ ಬಸ್ಸು ಹಿಡಿದರೆ ಮರುದಿನ ಸಂಜೆ ಅವನು ಇಲ್ಲಿ. ಅಂದು ಕೆಲಸಕ್ಕೆ ಜನ ಕಡಿಮೆ ಇದ್ದರೆಂದು ಮಧ್ಯಾಹ್ನದವರೆಗೆ ಕೂತು ಬೇರೆಯವರ ತಂತಿಗಳನ್ನೂ ಕಳಿಸಿ ಮನೆಗೆ ಹೋದೆ.

ಮಂಗಳವಾರ ಸಂಜೆ ಅವನು ಬರಲಿಲ್ಲ, ಉತ್ತರವೂ ಬರಲಿಲ್ಲ. ಬುಧವಾರ ಬೆಳಿಗ್ಗೆ ಅಪ್ಪ ತೀರಿಕೊಂಡರು. ಹೊರಟಿದ್ದಾನೋ ಇಲ್ಲವೋ ಗೊತ್ತಿಲ್ಲದವನಿಗಾಗಿ ಎಷ್ಟು ಹೊತ್ತು ಕಾಯುವುದೆಂದು ಹಿರಿಯರು ಮಧ್ಯಾಹ್ನವೇ ಸಂಸ್ಕಾರ ಮುಗಿಸಿಬಿಟ್ಟರು. ಸಂಜೆ ತಮ್ಮ ನಂತೂರಿನಲ್ಲಿ ಬಸ್ಸಿಳಿದು ನೆನೆದುಕೊಂಡು ಬಂದ. ಅಂಗಳದಲ್ಲಿ ಜನ ಕೂತದ್ದು ನೋಡಿ ಚೀಲ ಅಲ್ಲೇ ಬಿಟ್ಟು, ಸಣ್ಣ ಮಗುವಿನಂತೆ ಅತ್ತ. ತಂತಿ ಅವನಿಗೆ ಸಿಕ್ಕಿದ್ದು ಮಂಗಳವಾರ ಮಧ್ಯಾಹ್ನವಂತೆ.

ಕ್ರಿಯೆಗಳೆಲ್ಲ ಮುಗಿಸಿ ಕೆಲಸಕ್ಕೆ ಹೋದಾಗ ಮೇಲ್ವಿಚಾರಕರು ಕರೆದರು. ಆ ಸೋಮವಾರದ ಮುಂಬಯಿ ತಂತಿಗಳೆಲ್ಲ ತಡವಾಗಿದ್ದವು.

"ಬಿದ್ದದ್ದು ಒಂದೇ ಲೈನ್ ಅಲ್ವಾ ಮಾರಾಯ? ಬೇರೆ ದಾರಿ ಉಂಟಲ್ಲ. ಮತ್ತೆ ಒಂದು ದಿನ ಎಂತಕ್ಕೆ ಬೇಕಾಯ್ತು? ನೀನೇ ಸ್ವಲ್ಪ ನೋಡು."

ಅಂದಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಕಳಿಸಿದವುಗಳ ಒಂದು ಸಾಲು, ಬಂದವುಗಳ ಇನ್ನೊಂದು. ಹೊತ್ತಿನ ಪ್ರಕಾರ ಜೋಡಿಸುತ್ತ ಹೋದೆ. ನಾವು ಘಟ್ಟಕ್ಕೆ ಹತ್ತಿಸಿದ ತಂತಿಗಳೇ ಮತ್ತೆ ನಮ್ಮಲ್ಲಿಗೆ ಬಂದಿದ್ದವು. ಅವರ ಬೋರ್ಡಿನಲ್ಲಿ ಮುಂಬಯಿಗೆ ದಾರಿ ಮಂಗಳೂರಿನ ಮೂಲಕ ಎಂದೇ ಇತ್ತು. ನಮ್ಮಲ್ಲಿ ಮುಚ್ಚಿದೆ, ಬೆಂಗಳೂರಿಗೆ ಹಾಕಿ ಎಂಬ ಸೂಚನೆ ಹೋಗಿದ್ದರೆ ಅವರು ತಿದ್ದಿಕೊಳ್ಳುತ್ತಿದ್ದರು. ಆ ಸೂಚನೆ ಸಾವು, ಕಾಯಿಲೆಯ ತಂತಿಗಳ ರಾಶಿಯ ಅಡಿಯಲ್ಲಿ ಸಂಜೆಯವರೆಗೆ ಬಿದ್ದಿತ್ತು. ವಾಪಸು ಬಂದ ಪ್ರತಿ ತಂತಿಯೂ ಅದೇ ರಾಶಿಯ ಮೇಲೆ ಕೂತು ಸೂಚನೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿತ್ತು.

ಅಪ್ಪನ ತಂತಿ ನಾಲ್ಕು ಸಲ ಸುತ್ತಿತ್ತು. ಎರಡನೆಯ ಸಲ ಅದನ್ನು ಘಟ್ಟಕ್ಕೆ ಕಳಿಸಿದವನ ಸಹಿ ನನ್ನದೇ. ಊರಿನ ಹೆಸರು ನೋಡಿದ್ದೆ, ಬೋರ್ಡು ನೋಡಿದ್ದೆ, ಕಳಿಸಿದ್ದೆ. ನನ್ನಪ್ಪನ ತಂತಿಯೆಂದು ನನಗೇ ಗೊತ್ತಾಗಿರಲಿಲ್ಲ.

ಮೇಲ್ವಿಚಾರಕರಿಗೆ ಎಲ್ಲ ತೋರಿಸಿದೆ. ಅವರು ಬಯ್ಯಲಿಲ್ಲ, ಬಯ್ದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ನಮ್ಮಲ್ಲೂ ಸೂಚನೆಯೇ ಮೊದಲಾಯಿತು.

ತಮ್ಮನಿಗೆ ಮಾತ್ರ ಹೇಳಲಾಗಲಿಲ್ಲ. ಅಪ್ಪನ ತಿಥಿಗೆ ಪ್ರತಿ ವರ್ಷ ಬರುತ್ತಿದ್ದ. ಎಲೆಯ ಮುಂದೆ ಕೂತಾಗ ಪ್ರತಿ ವರ್ಷ ಅದೇ ಮಾತು: "ತಂತಿ ಬಂದ ಕೂಡಲೇ ಸಂಜೆಯ ಬಸ್ಸಿಗೆ ಕಾಯದೆ ಯಾವುದಾದರೂ ಲಾರಿ ಹತ್ತಬೇಕಿತ್ತು ನಾನು. ನನ್ನಿಂದ ತಡ ಆಯ್ತು." ನಾನು ತಲೆ ತಗ್ಗಿಸಿ ಊಟ ಮಾಡುತ್ತಿದ್ದೆ. ಎಂಬತ್ತರ ದಶಕ ಮುಗಿಯುವ ಮೊದಲೇ ಅವನೂ ಹೋದ, ತಪ್ಪು ತನ್ನದೇ ಎಂದುಕೊಂಡು.