ಮಣ್ಣಿ ತಿಂದ ಪಿಕಪ್

ನಗಬೇಡಿ ಸ್ನೇಹಿತರೇ. ನಮ್ಮ ಹಳೇ ಪಿಕಪ್ಪಿನ ಗುರುಗುರು ಸದ್ದು ಕೇಳಿದರೆ ಮಾತ್ರ ನನ್ನ ಎಂಟು ತಿಂಗಳ ಮಗಳು ಮಲಗುತ್ತಾಳೆ. ಅದು ನಾಲ್ಕು ದಿನದಿಂದ ಸ್ಟಾರ್ಟ್ ಆಗಿರಲಿಲ್ಲ; ಹಾಗಾಗಿ ಅವಳೂ ಮಲಗಿರಲಿಲ್ಲ, ನಾನೂ ಮಲಗಿರಲಿಲ್ಲ. "ಎಲ್ಲಾ ನಿಮ್ಮ ಈರುಳ್ಳಿ ಮೂಟೆಯಿಂದ ಕಣ್ರೀ! ಅದೆಷ್ಟು ಹೇರ್ತೀರಾ?" ಎಂದು ನಾಲ್ಕು ದಿನವೂ ಗಂಡನನ್ನು ಬೈದೆ.

ಇವತ್ತು ಹಿರಿಯೂರಿನಿಂದ ಮೆಕ್ಯಾನಿಕ್ ರಫೀಕಣ್ಣ ಮನೆಗೇ ಬಂದು, ಎಡಗಡೆ ಸೀಟಿನ ಕೆಳಗಿದ್ದ ಇಂಜಿನ್ ಕಂಪ್ಯೂಟರ್ ಬಿಚ್ಚಿದರು.

"ಗಾಡಿ ಬ್ರೈನಿಗೇ ವಯಸ್ಸಾಗೈತಕ್ಕ. ಬಾಕ್ಸಿನ ರಬ್ಬರ್ ಬಿರುಕು ಬಿಟ್ಟೈತೆ" ಎನ್ನುತ್ತಾ ಒಳಗೆ ಉಗುರಿನಿಂದ ಕೆರೆದು ಮೂಸಿದರು. "ಇದೇನಕ್ಕ, ರಾಗಿ ಮಣ್ಣಿ ಐತಲ್ರಿ!"

ದಿನಾ ಆ ಸೀಟಿನಲ್ಲಿ ಕೂತು ಮಗಳಿಗೆ ಮಣ್ಣಿ ತಿನ್ನಿಸುವವಳು ನಾನೇ. ಅವಳು ಉಗಿದದ್ದನ್ನೆಲ್ಲ ಗಾಡಿ ನುಂಗಿತ್ತು.

ರಫೀಕಣ್ಣ ಅದನ್ನು ಶುಚಿ ಮಾಡಿ, ಒಣಗಿಸಿ, ತಂತಿ ಬಿಟ್ಟುಹೋದ ಕಡೆ ಬೆಸುಗೆ ಹಾಕಿದರು. ಗಾಡಿ ಗುರ್ ಎಂದಿತು. ಮಗಳು ನನ್ನ ಹೆಗಲ ಮೇಲೆಯೇ ನಿದ್ದೆಗೆ ಜಾರಿದಳು. ಇನ್ನು ನನ್ನ ಸರದಿ ಎಂದು ಬೈಗುಳಕ್ಕೆ ಕಾದು ನಿಂತೆ.

ಗಂಡ ಬೈಯಲಿಲ್ಲ. ಮಗಳ ಜೊಲ್ಲುಬಟ್ಟೆ ತಂದು ಕಂಪ್ಯೂಟರ್ ಪೆಟ್ಟಿಗೆಗೆ ಕಟ್ಟಿ, "ಈಗ ಉಣ್ಸವ್ವ" ಎಂದರು.