ಹೆಡ್‌ಮೇಡಂ ಮನೆಯ ಮೊಸರಿನ ಲೋಟ

ಶಾಲೆಯಿಂದ ನಿವೃತ್ತಿಯಾಗಿ ಆರು ವರ್ಷವಾದರೂ ಮನೆಮಂದಿಯೆಲ್ಲ ಆಕೆಯನ್ನು ಕರೆಯುವುದು ಹೆಡ್‌ಮೇಡಂ ಎಂದೇ; ಗಂಡ ಕೂಡ. ಭಾನುವಾರ ಹತ್ತು ಗಂಟೆಗೆ ಬಂಧುಬಳಗ ಸೇರುವಷ್ಟರಲ್ಲಿ ಆಕೆಯ ಮೇಜಿನ ಮೇಲೆ ಎಲ್ಲವೂ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲುಗಟ್ಟಿರುತ್ತದೆ: ಎಡಕ್ಕೆ ಗಾಜಿನ ಲೋಟಗಳು, ಆಮೇಲೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಹುರಿದ ಓಟ್ಸ್, ದಾಳಿಂಬೆ, ಬಾಳೆಹಣ್ಣು, ಕೊನೆಗೆ ಜೇನು. "ಯಾರೂ ಯಾರಿಗೂ ಬಡಿಸೋ ಹಾಗಿಲ್ಲ. ನಿಮ್ಮ ಲೋಟ ನೀವೇ ತುಂಬ್ಕೊಳ್ಳಿ," ಎಂಬುದು ಕಟ್ಟಪ್ಪಣೆ. ಒಂದು ಬಟ್ಟಲು ಬೆರಳಷ್ಟು ಸರಿದರೂ ಸಾಕು, "ಅಳಿಯಂದ್ರೇ, ಆ ದಾಳಿಂಬೆ ಯಾರನ್ನ ಕೇಳಿ ಜಾಗ ಬಿಟ್ಟು ಎದ್ದಿದೆ?" ಎಂದು ಹುಬ್ಬೇರಿಸುತ್ತಾಳೆ. ಎಳೆಬಿಸಿಲು ಮೊಸರಿನ ಮೇಲೆ ಜಾರಿ, ಚಮಚಗಳು ಗಾಜಿಗೆ ತಾಗಿ ಕಿಣಿಕಿಣಿ ಎನ್ನುವಾಗ ಮಾತ್ರ ಗೋಡೆಗೊರಗಿ ಕನಸು ಕಾಣುವವಳಂತೆ ನಿಂತುಬಿಡುತ್ತಾಳೆ. ಈ ಏರ್ಪಾಟೆಲ್ಲ ಶುರುವಾದದ್ದು ಆಕೆಯ ಅಣ್ಣನಿಗಾಗಿ. ಕಣ್ಣು ಹೋದ ಮೇಲೆ ಆತ, "ಇನ್ನೊಬ್ರು ಕೈಗೆ ಕೊಟ್ಟಿದ್ದನ್ನ ತಿನ್ನೋಕೆ ನಾನು ಬರಲ್ಲಮ್ಮ," ಎಂದು ಯಾರ ಮನೆಗೂ ಹೋಗುವುದನ್ನು ಬಿಟ್ಟಿದ್ದ. ಮೂರು ವಾರ ಆಕೆ ಕರೆದದ್ದೇ ಬಂತು. ನಾಲ್ಕನೆಯ ವಾರ ಬಂದ. ತಂಗಿ ಫೋನಿನಲ್ಲಿ ಹೇಳಿಕೊಟ್ಟಿದ್ದ ಸಾಲಿನಲ್ಲೇ ಬಟ್ಟಲಿನಿಂದ ಬಟ್ಟಲಿಗೆ ಬೆರಳಾಡಿಸುತ್ತಾ, ಯಾರನ್ನೂ ಏನೂ ಕೇಳದೆ, ಪದರದ ಮೇಲೆ ಪದರ ಹಾಕಿ ಲೋಟ ತುಂಬಿದ. ಆತ ಲೋಟವನ್ನು ಮುಂದೆ ಚಾಚಿ, "ಎಲ್ಲಿದ್ದೀಯೇ ಪುಟ್ಟಿ? ನಿಂಗೆ ಸಿಹಿ ಜಾಸ್ತಿ ಬೇಕಲ್ವಾ, ಹಾಕಿದೀನಿ, ತಗೋ," ಎಂದ. ಅರವತ್ತಾರರ ಆ ತಂಗಿ ಎರಡೂ ಕೈಯಲ್ಲಿ ಲೋಟ ಈಸಿಕೊಂಡು, ಕೂರುವುದನ್ನೂ ಮರೆತು, ನಿಂತಲ್ಲೇ ತಿನ್ನತೊಡಗಿದಳು.