ವೇದಾವತಿ ಟೀಚರ ವಂದನಾರ್ಪಣೆ

ನಮ್ಮ ಕಾನ್ವೆಂಟ್ ಹೈಸ್ಕೂಲಿನ ಕ್ರಿಸ್ಮಸ್ ನಾಟಕದಲ್ಲಿ ಕುರಿ ಕಾಯುವವರು ಬೆತ್ಲೆಹೇಮು ತಲುಪಿದ್ದನ್ನು ಬಹಳ ವರ್ಷ ಯಾರೂ ನೋಡಿರಲಿಲ್ಲ. ಅವರು ಹೊರಡುತ್ತಿದ್ದದ್ದೇನೋ ನಿಜ. ಮುಖಕ್ಕೆ ಮಸಿಯ ಗಡ್ಡ ಬರೆಸಿಕೊಂಡು, ಕೋಲು ಹಿಡಿದು, ಪರದೆಯ ಬದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಆ ಗಡ್ಡ ಬರೆಯುತ್ತಿದ್ದವನು ನಾನೇ, ಶಾಲೆಯ ಡ್ರಾಯಿಂಗ್ ಮೇಷ್ಟ್ರು ಜಯಪ್ಪ. ಇನ್ನೇನು ಅವರು ವೇದಿಕೆಗೆ ಬರಬೇಕು ಅನ್ನುವಾಗ ಹೊರಗೆ ಜೀಪುಗಳು ಹಾರನ್ ಹೊಡೆಯುತ್ತಿದ್ದವು. ಚೆಟ್ಟಳ್ಳಿ ಕಡೆಯ ರಸ್ತೆಗೆ ಹೊತ್ತು ಇಳಿದರೆ ಆನೆ ಇಳಿಯುತ್ತದೆ. ಮಕ್ಕಳು ಬೆಳಕಿರುವಾಗಲೇ ಮನೆ ಸೇರಬೇಕು. ಹಾಗಾಗಿ ನಮ್ಮ ವಾರ್ಷಿಕೋತ್ಸವ ಮಧ್ಯಾಹ್ನ ಶುರುವಾಗಿ ಸಂಜೆಯೊಳಗೆ ಮುಗಿಯಬೇಕು. ಆನೆಗಳು ಹೊತ್ತು ತಪ್ಪಿಸುತ್ತಿರಲಿಲ್ಲ. ಅತಿಥಿಗಳಿಗೆ ಮಾತ್ರ ಹೊತ್ತಿನ ಗೊಡವೆ ಇರಲಿಲ್ಲ.

ಆ ನಾಟಕವನ್ನು ಬರೆದು, ಕಲಿಸಿ, ಹಸುವಿನ ಮುಖವಾಡವನ್ನೂ ತಾವೇ ಹೊಲಿದು ಆಡಿಸುತ್ತಿದ್ದವರು ಕನ್ನಡದ ವೇದಾವತಿ ಟೀಚರು. ಮಡಿಕೇರಿಯ ಅರ್ಚಕರ ಮನೆಯ ಹೆಣ್ಣುಮಗಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯೇಸುವನ್ನು ಹುಟ್ಟಿಸಿದ್ದು ಇವರೇ. ಬೈಬಲ್ಲಿಗೆ ಕಂದು ಕಾಗದದ ರಟ್ಟು ಹಾಕಿ, ಪಂಚಾಂಗದ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ದೇವದೂತ ಬರುವಾಗ ಏಳಬೇಕಾದ ಹೊಗೆಗೆ ಅಣ್ಣ ಚಿದಂಬರ ಭಟ್ಟರ ದೇವಸ್ಥಾನದಿಂದ ಧೂಪದ ಆರತಿ ಬರುತ್ತಿತ್ತು. ತಂಗಿ ಅದನ್ನು ಎಲ್ಲಿಗೆ ಒಯ್ಯುತ್ತಾಳೆಂದು ಅಣ್ಣ ಕೇಳುತ್ತಿರಲಿಲ್ಲ, ಎಲ್ಲಿಂದ ತಂದಿರೆಂದು ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಜಸಿಂತಾ ಕೇಳುತ್ತಿರಲಿಲ್ಲ. ನಾನು ಕಂಡ ಮತಸಾಮರಸ್ಯದ ಸಭೆಗಳೆಲ್ಲಕ್ಕಿಂತ ಇದು ಚೆನ್ನಾಗಿ ನಡೆಯುತ್ತಿತ್ತು, ಯಾರೂ ಭಾಷಣ ಮಾಡದೆ.

ಪಾತ್ರ ಹಂಚುವುದು ಮಾತ್ರ ಟೀಚರ ಕೈಯಲ್ಲಿರಲಿಲ್ಲ. ಎಲ್ಲ ತಂದೆತಾಯಿಗೂ ತಮ್ಮ ಮಗು ರಾಜನಾಗಬೇಕು. ಮೂಡಣ ದಿಕ್ಕಿನಿಂದ ನಕ್ಷತ್ರ ನೋಡಿಕೊಂಡು ಬರುವ ರಾಜರು ಕಥೆಯಲ್ಲಿ ಮೂವರು. ನಮ್ಮಲ್ಲಿ ಒಂದು ವರ್ಷ ಐವರು ಬಂದರು, ಏಕೆಂದರೆ ಪೋಷಕರ ಸಮಿತಿಯಲ್ಲಿ ಐವರಿದ್ದರು. ಮನೆಯಿಂದ ಕೊಡವರ ಹಬ್ಬದ ಉಡುಪು ಕುಪ್ಯಚೇಲೆ ತೊಡಿಸಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಯೇ ಕಳಿಸುತ್ತಿದ್ದರು. ಹುಟ್ಟಿದ ಮಗುವನ್ನು ನೋಡಲು ಕತ್ತಿ ಯಾಕೆ ಎಂದು ಟೀಚರು ಒಮ್ಮೆ ಕೇಳಿದ್ದಕ್ಕೆ, ಹಬ್ಬಕ್ಕೆ ಬರಿಸೊಂಟದಲ್ಲಿ ಹೋಗುವುದುಂಟೇ ಎಂದು ಉತ್ತರ ಬಂತು. ಇಂಥ ರಾಜರನ್ನು ಕಾಯಿಸುವ ಹಾಗಿಲ್ಲ, ಅವರು ಮೊದಲ ದೃಶ್ಯದಲ್ಲೇ ಬರಬೇಕು. ಕುರಿ ಕಾಯುವವರು ಕೊನೆಗೆ. ಆ ಪಾತ್ರಗಳು ಯಾರ ಶಿಫಾರಸೂ ಇಲ್ಲದ, ಎಸ್ಟೇಟಿನ ಕೂಲಿಗಳ ಲೈನ್‌ಮನೆ ಮಕ್ಕಳ ಪಾಲು.

ಹೀಗೆ ಪ್ರತಿ ವರ್ಷ ಭಾಷಣಗಳು ಹೊತ್ತನ್ನು ನುಂಗಿ, ರಾಜರು ಉಳಿದದ್ದನ್ನು ನುಂಗಿ, ಜೀಪುಗಳು ಕೂಗಿ, ಕೊನೆಯ ದೃಶ್ಯ ಬಿದ್ದುಹೋಗುತ್ತಿತ್ತು. ಆದರೆ ಎಷ್ಟೇ ಹಾರನ್ ಆದರೂ, ಆನೆ ಗೇಟಿಗೇ ಬಂದರೂ, ವಂದನಾರ್ಪಣೆ ಮಾತ್ರ ಬೀಳುತ್ತಿರಲಿಲ್ಲ. ಅದನ್ನು ಮಾಡುವವರೂ ವೇದಾವತಿ ಟೀಚರೇ, ಕನ್ನಡದವರಲ್ಲವೇ. ನಮ್ಮ ಕಡೆಯ ದೊಡ್ಡವರು ವೇದಿಕೆಯ ಕುರ್ಚಿಯಿಂದ ತಮ್ಮ ಹೆಸರು ಮೈಕಿನಲ್ಲಿ ಬಾರದೆ ಎದ್ದದ್ದನ್ನು ನಾನು ಕಂಡಿಲ್ಲ. ಹೆಸರು ಬಂತೋ, ಅರ್ಧ ಎದ್ದು ಕೈಮುಗಿದು, ಹಾಗೇ ಪೂರ್ತಿ ಎದ್ದು ಹೊರಡುತ್ತಾರೆ. ವಂದನಾರ್ಪಣೆಯ ಕೊನೆಯಲ್ಲಿ ಶಾಮಿಯಾನದವನ ಹೆಸರು ಬರುವಾಗ ಅದನ್ನು ಕೇಳಲು ಶಾಮಿಯಾನದವನೊಬ್ಬನೇ ಇರುತ್ತಾನೆ.

ನಿಶ್ಮಿತಾ ಎಂಬ ಹುಡುಗಿ ಎಂಟನೆಯ ತರಗತಿಗೆ ಬಂದದ್ದೇ ಕುರಿ ಕಾಯುವ ಅಜ್ಜಿಯಾದಳು. ಅವಳ ಅವ್ವ ಬೆಳ್ಳಮ್ಮ ಚೆಟ್ಟಳ್ಳಿ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹೆಂಗಸು. ಅಜ್ಜಿಯ ವೇಷಕ್ಕೆ ಕಂಬಳಿ ಬೇಕೆಂದಾಗ, ಡಿಸೆಂಬರಿನ ಚಳಿಯಲ್ಲಿ ತಾನು ಹೊದ್ದು ತೋಟಕ್ಕೆ ಹೋಗುವ ಕಂಬಳಿಯನ್ನೇ ಕೊಟ್ಟಳು. ಕೊಯ್ಲಿನ ಭರದಲ್ಲೂ ಅರ್ಧ ದಿನದ ಕೂಲಿ ಬಿಟ್ಟು ಬಂದು, ಬಾಗಿಲ ಹತ್ತಿರ ನಿಂತಳು. ರಾಜರನ್ನು ನೋಡಿದಳು, ವಂದನಾರ್ಪಣೆ ಕೇಳಿದಳು, ಮಡಿಕೆ ಬಿಚ್ಚದ ಕಂಬಳಿಯನ್ನು ವಾಪಸು ತೆಗೆದುಕೊಂಡು ಹೋದಳು. ಒಂಬತ್ತನೆಯ ತರಗತಿಯಲ್ಲೂ ಅದೇ ಆಯಿತು. ಅವತ್ತು ಹೋಗುವಾಗ ಬೆಳ್ಳಮ್ಮ ಟೀಚರ ಹತ್ತಿರ ಬಂದು, ಬೈಯುವ ದನಿಯಲ್ಲೇನೂ ಅಲ್ಲ, ಸುಮ್ಮನೆ ಕೇಳಿದ್ದಿಷ್ಟು:

"ನಮ್ಮ ಹುಡುಗಿ ಮಾತು ಕಲಿತದ್ದು ಹೌದಾ ಟೀಚರಮ್ಮ? ಮನೇಲಿ ದಿನಾ ಹೇಳ್ತದೆ. ಇಲ್ಲಿ ಬಂದ್ರೆ ಕಾಣೋದೇ ಇಲ್ಲ."

ಟೀಚರು ಅವತ್ತು ಸ್ಟಾಫ್ ರೂಮಿನಲ್ಲಿ ಚಹಾ ಮುಟ್ಟಲಿಲ್ಲ. ಮುಂದಿನ ವರ್ಷ ನಿಶ್ಮಿತಾಳಿಗೆ ಹತ್ತನೆಯ ತರಗತಿ, ಶಾಲೆಯ ಕಡೆಯ ವರ್ಷ. ಟೀಚರಿಗೂ ನಿವೃತ್ತಿಯ ವರ್ಷ. ಆ ತಾಯಿ ಮಗಳನ್ನು ವೇದಿಕೆಯ ಮೇಲೆ ನೋಡದೆ ಹೋದರೆ ತಾನು ಇಷ್ಟು ವರ್ಷ ಆಡಿಸಿದ ನಾಟಕಕ್ಕೆ ಅರ್ಥವಿಲ್ಲ ಎಂದು ನನ್ನ ಹತ್ತಿರ ಅಂದರು. ನಾನು ಸಮಾಧಾನ ಹೇಳಲು ಹೋದೆ. ನನಗೂ ಬೈದರು.

ಮರುವರ್ಷ ನವೆಂಬರಿನಲ್ಲೇ ಟೀಚರು ರಟ್ಟು ಹಾಕಿದ ಬೈಬಲ್ ಹಿಡಿದು ಸಿಸ್ಟರ್ ಜಸಿಂತಾರ ಕೋಣೆಗೆ ಹೋದರು. ಮಗುವಿನ ಸುದ್ದಿ ಮೊದಲು ಮುಟ್ಟಿದ್ದು ಕುರಿ ಕಾಯುವವರಿಗೆ, ರಾಜರು ಬಂದದ್ದು ಆಮೇಲೆ, ನಾವು ಇಷ್ಟು ದಿನ ಉಲ್ಟಾ ಆಡಿಸುತ್ತಿದ್ದೇವೆ ಎಂದು ಪುಟ ತೆರೆದು ತೋರಿಸಿದರು. ಅರ್ಚಕರ ಮಗಳು ಸನ್ಯಾಸಿನಿಗೆ ಸುವಾರ್ತೆ ತೋರಿಸಿದರೆ ಸನ್ಯಾಸಿನಿ ಏನೆಂದಾರು? ಒಪ್ಪಿಕೊಂಡರು. ಕುರಿ ಕಾಯುವವರು ಮೊದಲ ದೃಶ್ಯಕ್ಕೆ ಬಂದರು, ರಾಜರು ಕೊನೆಗೆ ಹೋದರು.

ಸಮಿತಿಯ ಅಧ್ಯಕ್ಷರು ಗೋಣಿಕೊಪ್ಪಲಿನ ಕಾಳುಮೆಣಸಿನ ವ್ಯಾಪಾರಿ ಧರ್ಮೇಂದ್ರ. ಮಗಳು ಕಾವ್ಯಶ್ರೀ ಆ ವರ್ಷ ರಾಜ. ಅವಳನ್ನು ಕೊನೆಗೆ ತಳ್ಳಿದ್ದೇಕೆಂದು ಕೇಳಲು ಕಾರಿನಲ್ಲಿ ಬಂದಿಳಿದರು. ಟೀಚರು ಕೈಮುಗಿದು, "ದೊಡ್ಡವರು ಕೊನೆಗೇ ಬರೋದಲ್ವಾ ಸಾರ್? ನೀವು ಸಭೆಗೆ ಬರೋ ಹಾಗೆ" ಅಂದರು. ಧರ್ಮೇಂದ್ರ ಯೋಚಿಸಿ, ಅದು ಸರಿಯೆಂದು ಹೊರಟುಹೋದರು.

ಟೀಚರ ಲೆಕ್ಕಾಚಾರ ಇಷ್ಟೇ. ಹೊತ್ತು ಸಾಲದೆ ಕೊನೆಯದು ಬಿದ್ದುಹೋದರೆ ಈ ಸಲ ಬೀಳುವುದು ದೊಡ್ಡವರ ಮಕ್ಕಳ ದೃಶ್ಯ, ಬೆಳ್ಳಮ್ಮನ ಮಗಳದ್ದಲ್ಲ. ದೊಡ್ಡವರಿಗೆ ಅದು ಹೊಳೆದರೆ ಭಾಷಣವೇ ಮೊಟಕಾಗುತ್ತದೆ, ಇನ್ನೂ ಒಳ್ಳೆಯದು. ನನಗೆ ಬಹಳ ಇಷ್ಟವಾಯಿತು. ಇಬ್ಬರೂ ಸ್ಟಾಫ್ ರೂಮಿನಲ್ಲಿ ಕುಳಿತು ಕಳ್ಳರ ಹಾಗೆ ನಕ್ಕೆವು.

ದೊಡ್ಡವರಿಗೆ ಅದು ಹೊಳೆಯಿತು. ಬೇಕಾದ್ದಕ್ಕಿಂತ ಹೆಚ್ಚೇ ಹೊಳೆಯಿತು. ಮುಖ್ಯ ಅತಿಥಿ ನಿವೃತ್ತ ಕರ್ನಲ್ ಒಬ್ಬರು. ಪ್ರತಿ ವರ್ಷ ಗಡಿಯ ಹಿಮದಿಂದ ಮಾತು ಶುರುಮಾಡಿದರೆ ಕೊಡಗಿಗೆ ಇಳಿಯುವಷ್ಟರಲ್ಲಿ ನಮಗೇ ಚಳಿ ಹಿಡಿಯುತ್ತಿತ್ತು. ಈ ಸಲ ಮೊಮ್ಮಗ ರಾಜನಾಗಿದ್ದ. ಕರ್ನಲ್ ಎದ್ದು, ಶಿಸ್ತೇ ಜೀವನ ಎಂದು ಹೇಳಿ ಕೂತರು. ಧರ್ಮೇಂದ್ರ ಬರೆದು ತಂದ ಭಾಷಣವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಸಿಸ್ಟರ್ ವರದಿಯ ಅರ್ಧ ಪುಟಗಳನ್ನು ಒಟ್ಟಿಗೆ ಮಗುಚಿದರು. ಶಾಲೆಯ ಚರಿತ್ರೆಯಲ್ಲೇ ಮೊದಲ ಸಲ, ಬಿಸಿಲು ಬಾಡುವ ಮೊದಲೇ ನಾಟಕದ ಗಂಟೆ ಹೊಡೆಯಿತು.

ಬಾಗಿಲ ಹತ್ತಿರ ಬೆಳ್ಳಮ್ಮ ಇರಲಿಲ್ಲ.

ನಮ್ಮಿಬ್ಬರ ಬುದ್ಧಿವಂತಿಕೆಯೇ ನಮಗೆ ಮುಳುವಾಗಿತ್ತು. ಮಗಳು ಮನೆಯಲ್ಲಿ, ಈ ಸಲ ನಾವೇ ಮೊದಲು ಎಂದು ಹೇಳಿದ್ದಳು. ಆದರೆ ಮೊದಲ ದೃಶ್ಯವೆಂದರೂ ಅದು ಭಾಷಣಗಳ ನಂತರವೇ, ಭಾಷಣ ಮುಗಿಯುವುದು ಜೀಪು ಕೂಗುವ ಹೊತ್ತಿಗೇ ಎಂಬುದು ಎರಡು ವರ್ಷ ನಿಂತು ನೋಡಿದ ಬೆಳ್ಳಮ್ಮನಿಗೆ ಗೊತ್ತಿತ್ತು. ಕೊಯ್ದ ಹಣ್ಣನ್ನು ಎಸ್ಟೇಟಿನ ಗುಮಾಸ್ತ ರೈಟರ ಹತ್ತಿರ ಸಂಜೆ ತೂಕ ಹಾಕಿಸಿ ಹೋದರೆ ಕೂಲಿಯೂ ಉಳಿಯುತ್ತದೆ, ನಾಟಕವೂ ಸಿಗುತ್ತದೆ ಎಂದುಕೊಂಡಿದ್ದಳು. ನಮ್ಮ ದೊಡ್ಡವರು ಒಂದು ದಿನ ಚುಟುಕಾಗಿ ಮಾತಾಡಬಹುದೆಂದು ಆ ಹೆಂಗಸಿಗೆ ಹೇಗೆ ತಿಳಿಯಬೇಕು?

ಟೀಚರು ಪರದೆ ತೆಗೆಸದೆ ತಡಮಾಡಿದರು, ನನ್ನನ್ನು ಗೇಟಿಗೆ ಓಡಿಸಿದರು. ರಸ್ತೆಯಲ್ಲಿ ಯಾರೂ ಇಲ್ಲ. ಮುಂದಿನ ಸಾಲಿನಿಂದ ಧರ್ಮೇಂದ್ರ ಗಡಿಯಾರ ನೋಡಿದರು, ಸಿಸ್ಟರ್ ಕಣ್ಣು ಬಿಟ್ಟರು, ಪರದೆ ಸರಿಯಿತು. ನಿಶ್ಮಿತಾ ಕಂಬಳಿ ಹೊದ್ದು ಬಂದು ಮೊದಲು ನೋಡಿದ್ದು ಬಾಗಿಲನ್ನು. ಆಮೇಲೆ ಮಾತುಗಳನ್ನೆಲ್ಲ ನೆಲಕ್ಕೆ ಒಪ್ಪಿಸಿ ಒಳಗೆ ಹೋದಳು. ನಂತರ ರಾಜರು ಬಂದರು. ಮೊಬೈಲುಗಳೆಲ್ಲ ಮೇಲೆದ್ದವು. ಅವರು ಕಾಣಿಕೆ ಕೊಡುವುದು, ಫೋಟೋಗೆ ಮತ್ತೊಮ್ಮೆ ಕೊಡುವುದು, ಮುಗಿಯುವಂತೆಯೇ ಇರಲಿಲ್ಲ.

ಅವರು ಇಳಿಯುವಾಗ ಬೆಳ್ಳಮ್ಮ ಓಡಿಬಂದಳು. ತಲೆಗೆ ಟವೆಲು, ಕೈಯೆಲ್ಲ ಕಾಫಿ ಹಣ್ಣಿನ ಕರೆ, ಏದುಸಿರು. ನನ್ನ ಪಕ್ಕದಲ್ಲೇ ನಿಂತು, "ರೈಟರು ತೂಕ ಬೇಗ ಮುಗಿಸ್ಲೇ ಇಲ್ಲ ಮೇಷ್ಟ್ರೇ. ನಮ್ಮ ಹುಡುಗಿದು ಇನ್ನೂ ಬರ್ಲಿಲ್ಲ ಅಲ್ವಾ?" ಅಂದಳು.

ಅವಳನ್ನು ಅಲ್ಲೇ ನಿಲ್ಲಿಸಿ, ವೇದಿಕೆಯ ಹಿಂದಕ್ಕೆ ಹೋಗಿ ಟೀಚರಿಗೆ ಹೇಳಿದೆ. ಅವರ ಕೈಯಲ್ಲಿ ವಂದನಾರ್ಪಣೆಯ ಚೀಟಿಯಿತ್ತು. ಹೊರಗೆ ಹಾರನ್ ಶುರುವಾಗಿತ್ತು. ಚೀಟಿಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕುರಿ ಕಾಯುವ ಮಕ್ಕಳ ಕಡೆ ತಿರುಗಿ, "ಗಡ್ಡ ಅಳಿಸ್ಬೇಡಿ, ಇಲ್ಲೇ ನಿಂತಿರಿ" ಎಂದು ಹೇಳಿ ಮೈಕಿಗೆ ಹೋದರು.

ದೊಡ್ಡವರು ಎಂದಿನಂತೆ ಮುಂದಿನ ಸಾಲಿನಿಂದ ವೇದಿಕೆಯ ಕುರ್ಚಿಗಳಿಗೆ ಮರಳಿ, ಶಲ್ಯ ಸರಿಮಾಡಿಕೊಂಡು ನೆಟ್ಟಗೆ ಕೂತರು. ಟೀಚರು ಚೀಟಿಯನ್ನು ಬುಡದಿಂದ ಓದತೊಡಗಿದರು. ಮೊದಲ ವಂದನೆ ಜೀಪು ಓಡಿಸುವವರಿಗೆ, ಒಬ್ಬೊಬ್ಬರ ಹೆಸರು ಹಿಡಿದು. ಹಾರನ್ ನಿಂತಿತು. ಜನ್ಮದಲ್ಲಿ ಮೈಕಿನಲ್ಲಿ ತಮ್ಮ ಹೆಸರು ಕೇಳದ ಆ ಗಂಡಸರು ಜೀಪಿಳಿದು ಬಾಗಿಲಿಗೆ ಬಂದು ನಿಂತರು. ಆಮೇಲೆ ಶಾಮಿಯಾನ, ಮೈಕು, ಚಹಾ. ವೇದಿಕೆಯ ಮೇಲಿನ ಒಂದು ಹೆಸರೂ ಬಂದಿಲ್ಲ, ಆದ್ದರಿಂದ ಒಂದು ಕುರ್ಚಿಯೂ ಅಲುಗಿಲ್ಲ.

"ಇನ್ನು ಮಾನ್ಯ ಮುಖ್ಯ ಅತಿಥಿಗಳನ್ನೂ ಅಧ್ಯಕ್ಷರನ್ನೂ ವಂದಿಸಬೇಕು," ಅಂದರು ಟೀಚರು. "ಅದಕ್ಕೆ ಮೊದಲು, ಅವರ ಗೌರವಾರ್ಥವಾಗಿ ಒಂದು ಚಿಕ್ಕ ದೃಶ್ಯ."

ತಮ್ಮದೇ ಗೌರವಾರ್ಥ ನಡೆಯುವುದನ್ನು ಬೇಡವೆನ್ನುವ ದೊಡ್ಡವರು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಕರ್ನಲ್ ತಲೆಯಾಡಿಸಿದರು. ಕುರ್ಚಿಗಳು ಬದಿಗೆ ಸರಿದವು. ಚಿದಂಬರ ಭಟ್ಟರ ಧೂಪ ಮತ್ತೆ ಹೊಗೆಯಾಡಿತು.

ಈ ಸಲವೂ ನಿಶ್ಮಿತಾ ಮೊದಲು ಬಾಗಿಲನ್ನೇ ನೋಡಿದಳು. ಅವ್ವ ಕಂಡಳು. ಹೊಲದಲ್ಲಿ ಮಲಗಿದ್ದ ಉಳಿದ ಕುರಿ ಕಾಯುವವರು, ದೇವದೂತ ದಾರಿ ತಪ್ಪಿ ಇಲ್ಲಿಗೆ ಬಂದಿರಬೇಕು, ಇಂಥ ಸುದ್ದಿ ನಮ್ಮಂಥವರಿಗೆ ಯಾರು ಹೇಳುತ್ತಾರೆ ಎಂದು ಮಗ್ಗುಲಾದರು. ಆಗ ಅಜ್ಜಿ ಎದ್ದು ನಿಂತಳು. ಮೂರು ವರ್ಷ ಮನೆಯ ಗೋಡೆಗೆ ಹೇಳಿದ ಮಾತು ಅದು.

"ದಾರಿ ತಪ್ಪಲಿಲ್ಲ. ಕರೆದದ್ದು ನಮ್ಮನ್ನೇ. ಏಳಿ, ಮಗು ಚಳಿಯಲ್ಲಿದೆ."

ಹೇಳಿ, ಹೊದ್ದ ಕಂಬಳಿಯನ್ನು ತೆಗೆದು ಮಗುವಿಗೆಂದು ಮಡಿಸಿ ತೋಳಿನ ಮೇಲೆ ಹಾಕಿಕೊಂಡಳು. ಬಾಗಿಲಿಗೆ ಮರಳಿದ್ದ ನನ್ನ ಪಕ್ಕದಲ್ಲಿ ಬೆಳ್ಳಮ್ಮ ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು, ಅಳುತ್ತಿದ್ದಳು. ನಾನೂ ಅತ್ತೆ. ನಾಚಿಕೆಯೇನೂ ಇಲ್ಲ.

ಟೀಚರು ಮೈಕಿಗೆ ಮರಳಿ, ಚೀಟಿಯಲ್ಲಿಲ್ಲದ ಒಂದು ಹೆಸರು ಹೇಳಿದರು. ತನ್ನ ಚಳಿಗಿದ್ದ ಕಂಬಳಿಯನ್ನು ಮೂರು ವರ್ಷ ಈ ನಾಟಕಕ್ಕೆ ಕೊಟ್ಟ ಶ್ರೀಮತಿ ಬೆಳ್ಳಮ್ಮನವರಿಗೆ ಶಾಲೆಯ ಪರವಾಗಿ ವಂದನೆಗಳು ಎಂದರು. ಬೆಳ್ಳಮ್ಮ ತಿರುಗಿ ಹಿಂದೆ ನೋಡಿದಳು, ಯಾವ ಬೆಳ್ಳಮ್ಮನೋ ಎಂದು. ಜೀಪಿನವರು ಮೊದಲು ಚಪ್ಪಾಳೆ ಹೊಡೆದರು. ಆಮೇಲೆ ಕರ್ನಲ್ ಹೆಸರು ಬಂತು, ಧರ್ಮೇಂದ್ರರ ಹೆಸರು ಎಲ್ಲರಿಗಿಂತ ಕೊನೆಗೆ ಬಂತು. ದೊಡ್ಡವರು ಕೊನೆಗೇ ಬರುವುದಲ್ಲವೇ?

ಧರ್ಮೇಂದ್ರರಿಗೆ ಅದು ಈ ಸಲ ಸರಿಯೆನಿಸಲಿಲ್ಲ. ಸಮಿತಿಯ ಸಭೆ ಕರೆದು, ಇನ್ನು ಮುಂದೆ ವಂದನಾರ್ಪಣೆ ಕಾರ್ಯಕ್ರಮದ ಆರಂಭದಲ್ಲೇ ನಡೆಯತಕ್ಕದ್ದು, ಗಣ್ಯರಿಂದ ಶುರುವಾಗತಕ್ಕದ್ದು ಎಂದು ನಿರ್ಣಯ ಮಾಡಿಸಿದರು. ಟೀಚರು ಅದಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿ ನಿವೃತ್ತರಾದರು.

ನಿರ್ಣಯ ಜಾರಿಯಾದ ಮೇಲೆ ನಡೆದದ್ದನ್ನು ನೋಡಬೇಕು. ತಮ್ಮ ಅಮೂಲ್ಯ ಹಿತನುಡಿಗಳಿಗಾಗಿ ವಂದನೆಗಳು ಎಂದು ಮಾತಾಡುವ ಮೊದಲೇ ಅನ್ನಿಸಿಕೊಂಡವರಿಗೆ ಎದ್ದು ನಿಂತಾಗ ಹೇಳಲು ಏನೂ ಉಳಿದಿರುವುದಿಲ್ಲ. ಮಕ್ಕಳು ನಾಟಕದಲ್ಲಿಲ್ಲದವರು ಕೈಮುಗಿದು, ಆನೆಯ ಹೆಸರು ಹೇಳಿ ಹೊರಟೇ ಬಿಡುತ್ತಾರೆ. ಈಗ ನಮ್ಮ ನಾಟಕ ಬೆಳಕಿರುವಾಗಲೇ ಪೂರ್ತಿ ಮುಗಿಯುತ್ತದೆ, ಕುರಿ ಕಾಯುವವರೂ ರಾಜರೂ ಇಬ್ಬರೂ ತಲುಪುತ್ತಾರೆ.

ಕಳೆದ ಡಿಸೆಂಬರಿನಲ್ಲಿ ವೇದಾವತಿ ಟೀಚರು ಮಡಿಕೇರಿಯಿಂದ ಬಸ್ಸಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಬೆಳ್ಳಮ್ಮ ಬಂದಳು. ನಿಶ್ಮಿತಾ ಆಗಲೇ ವಿರಾಜಪೇಟೆಯ ಕಾಲೇಜಿನಲ್ಲಿದ್ದಳು. ಆದರೂ ತಾಯಿಯ ಕಂಕುಳಲ್ಲಿ ಒಗೆದು ಮಡಿಸಿದ ಕಂಬಳಿಯಿತ್ತು. ಟೀಚರು ಪಕ್ಕದ ಕುರ್ಚಿ ತೋರಿಸಿದರು. ಬೆಳ್ಳಮ್ಮ ಕೂರುವ ಮೊದಲು ನನ್ನನ್ನು ಕೇಳಿದಳು:

"ಈ ಸಲ ಅಜ್ಜಿ ಯಾರ ಮಗಳು ಮೇಷ್ಟ್ರೇ? ಅವಳವ್ವ ಬಂದಿದ್ದಾಳಾ?"